ಡಿಲೀಟ್ ಆದ ಆಧಾರ್ ಕಾರ್ಡುಗಳು: ಎರಡು ಹಳೇ ಕಂಪ್ಯೂಟರ್ ಮಾರುವ ಮುಂಚೆ ನಡೆದದ್ದು

ನಮ್ಮ ಭಾವನವರದು ತಿಪಟೂರಿನಲ್ಲಿ ಒಂದು ಸಣ್ಣ ಅಂಗಡಿ. ಬೋರ್ಡಿನಲ್ಲಿ ‘ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ’ ಅಂತ ಇದೆ. ಒಳಗೆ ನಡೆಯುವುದು ಅದಕ್ಕಿಂತ ಜಾಸ್ತಿ. ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಸ್ಕಾಲರ್‌ಶಿಪ್, ಪ್ಯಾನ್ ಕಾರ್ಡ್, ವೃದ್ಧಾಪ್ಯ ವೇತನ, ರೇಷನ್ ಕಾರ್ಡಿಗೆ ಹೊಸ ಸೊಸೆಯ ಹೆಸರು ಸೇರಿಸುವುದು, ಎಲ್ಲ ಅಲ್ಲೇ. ಯಾವ ಅರ್ಜಿ ಆದರೂ ಶುರುವಾಗುವುದು ಒಂದೇ ರೀತಿ. ಆಧಾರ್ ಸ್ಕ್ಯಾನ್ ಮಾಡು, ಪಾಸ್‌ಬುಕ್ಕಿನ ಮೊದಲ ಪುಟ ಸ್ಕ್ಯಾನ್ ಮಾಡು, ಫೋಟೋ ಕ್ರಾಪ್ ಮಾಡು, ಸೈಜ್ ಕಮ್ಮಿ ಮಾಡಿ ಅಪ್‌ಲೋಡ್ ಮಾಡು. ಕೆಲಸ ಮುಗಿದರೂ ಆ ಫೈಲ್ ಅಲ್ಲೇ ಇರುತ್ತದೆ. ಮುಂದಿನ ವರ್ಷ ಅದೇ ಗಿರಾಕಿ ಬಂದು ‘ಕಾರ್ಡ್ ತಂದಿಲ್ಲ, ಹೋದ್ಸಲದ್ದು ಇರಬೇಕು ನೋಡಿ’ ಅನ್ನುತ್ತಾರೆ. ನೋಡಿದರೆ ಇರುತ್ತದೆ.

ಹೀಗೆ ಏಳು ವರ್ಷದ ಫೈಲುಗಳು ಎರಡು ಮಶೀನುಗಳಲ್ಲಿ ತುಂಬಿಕೊಂಡಿದ್ದವು. ಒಂದು ಡೆಸ್ಕ್‌ಟಾಪ್. ಅದರಲ್ಲಿ 500 ಜಿಬಿ ಹಾರ್ಡ್ ಡಿಸ್ಕ್, ಪಕ್ಕದಲ್ಲಿ ಸ್ಕ್ಯಾನರ್. ಗಿರಾಕಿಗಳ ಪೆನ್‌ಡ್ರೈವಿನಿಂದ ವಾರಕ್ಕೊಂದು ವೈರಸ್ ಬರುತ್ತಿದ್ದಾಗ ನಾನೇ ಅದಕ್ಕೆ ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ವ್ಯವಸ್ಥೆ ಹಾಕಿ ಕೊಟ್ಟಿದ್ದೆ. ಇನ್ನೊಂದು ಲ್ಯಾಪ್‌ಟಾಪ್, 256 ಜಿಬಿ ಎಸ್‌ಎಸ್‌ಡಿ. ಕನ್ನಡ ಟೈಪಿಂಗಿಗೆ ನುಡಿ ಬೇಕೇ ಬೇಕು ಅಂತ ಅದರಲ್ಲಿ ವಿಂಡೋಸ್ ಉಳಿಸಿಕೊಂಡಿದ್ದರು. ಹೊಸ ಮಶೀನ್ ಬಂದ ಮೇಲೆ ಇವೆರಡನ್ನೂ ಬೆಂಗಳೂರಿನ ಎಸ್‌.ಪಿ. ರಸ್ತೆಯ ಹಳೇ ಕಂಪ್ಯೂಟರ್ ವ್ಯಾಪಾರಿಯೊಬ್ಬರಿಗೆ ಕೊಡುವುದು ಅಂತ ಮಾತಾಯಿತು.

ಭಾವ ಫೋನ್ ಮಾಡಿದರು. ‘ಎಲ್ಲಾ ಸೆಲೆಕ್ಟ್ ಮಾಡಿ ಡಿಲೀಟ್ ಹೊಡೆದು, ಬಿನ್ ಖಾಲಿ ಮಾಡಿಬಿಡ್ಲಾ?’ ಅಂದರು. ‘ಬೇಡ ಭಾವ, ಏನೂ ಮುಟ್ಟಬೇಡಿ. ಶನಿವಾರ ನಾನೇ ಬರ್ತೀನಿ. ಅದಕ್ಕೊಂದು ಕಮಾಂಡ್ ಇದೆ, ಹತ್ತು ನಿಮಿಷದ ಕೆಲಸ’ ಅಂದೆ. ಆ ಹತ್ತು ನಿಮಿಷ ಮೂರು ದಿನ ಆಯಿತು. ಎಲ್ಲಿ ಎಡವಿದೆ, ಯಾಕೆ ಎಡವಿದೆ ಅನ್ನುವುದೇ ಈ ಬರಹ.

ಶನಿವಾರ: ಶ್ರೆಡ್

ಭಾವನಿಗೆ ಮೊದಲು ಒಂದು ವಿಷಯ ಒಪ್ಪಿಸಬೇಕಿತ್ತು. ಡಿಲೀಟ್ ಮಾಡಿದರೆ ಫೈಲ್ ಹೋಗುವುದಿಲ್ಲ. ಅವರಿಗೆ ಪಹಣಿ, ಖಾತೆ ಗೊತ್ತಿರುವುದರಿಂದ ಹಾಗೇ ಹೇಳಿದೆ. ತಾಲ್ಲೂಕು ಕಚೇರಿಯ ಪುಸ್ತಕದಲ್ಲಿ ಒಬ್ಬರ ಹೆಸರಿಗೆ ಗೆರೆ ಎಳೆದರೆ ಅವರ ತೋಟ ಮಾಯವಾಗುತ್ತದಾ? ತೆಂಗಿನಮರಗಳು ಹಾಗೇ ನಿಂತಿರುತ್ತವೆ. ಬೇರೆ ಯಾರಾದರೂ ಬಂದು ಕಡಿದು ಬೇರೆ ಬೆಳೆ ಇಡುವ ತನಕ ಇದ್ದೇ ಇರುತ್ತವೆ. ಕಂಪ್ಯೂಟರಿನಲ್ಲೂ ಅಷ್ಟೇ. ಡಿಲೀಟ್ ಅಂದರೆ ಪಟ್ಟಿಯಿಂದ ಹೆಸರು ತೆಗೆದು, ‘ಈ ಜಾಗ ಖಾಲಿ’ ಅಂತ ಗುರುತು ಹಾಕುವುದು. ಜಾಗದಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತದೆ. ಲಿನಕ್ಸಿನ ‘ಆರ್‌ಎಂ’ ಕಮಾಂಡ್ ಮಾಡುವುದೂ ಇಷ್ಟನ್ನೇ.

‘ಶ್ರೆಡ್’ ಅನ್ನುವುದು ತೋಟವನ್ನೇ ಉಳುವ ಕಮಾಂಡ್. ಗ್ನೂ ಕೋರ್‌ಯುಟಿಲ್ಸ್ ಅನ್ನುವ ಕಟ್ಟಿನಲ್ಲಿ ಬರುತ್ತದೆ, ಹಾಗಾಗಿ ಹೆಚ್ಚುಕಮ್ಮಿ ಎಲ್ಲ ಲಿನಕ್ಸ್ ಮಶೀನುಗಳಲ್ಲೂ ಇರುತ್ತದೆ. ಫೈಲ್ ಇರುವ ಜಾಗದ ಮೇಲೆ ಅಡ್ಡಾದಿಡ್ಡಿ ಅಂಕಿಗಳನ್ನು ಬರೆಯುತ್ತದೆ. ಏನೂ ಹೇಳದಿದ್ದರೆ 3 ಸುತ್ತು. ಹಳೇ ಆವೃತ್ತಿಗಳಲ್ಲಿ ಇದು 25 ಸುತ್ತು ಇತ್ತು. ‘ಎನ್’ ಆಯ್ಕೆಯಿಂದ ಸುತ್ತುಗಳನ್ನು ನಾವೇ ಹೇಳಬಹುದು. ‘ಜೆಡ್’ ಕೊಟ್ಟರೆ ಕೊನೆಗೊಮ್ಮೆ ಬರೀ ಸೊನ್ನೆ ಬರೆಯುತ್ತದೆ. ‘ವಿ’ ಕೊಟ್ಟರೆ ಏನು ನಡೆಯುತ್ತಿದೆ ಅಂತ ಪರದೆ ಮೇಲೆ ತೋರಿಸುತ್ತದೆ. ‘ಯು’ ಕೊಟ್ಟರೆ ಬರೆದು ಮುಗಿದ ಮೇಲೆ ಫೈಲನ್ನು ತೆಗೆದೂ ಹಾಕುತ್ತದೆ.

ನಾನು ಮೊದಲ ಸಲ ‘ಯು’ ಮರೆತೆ. ಅರ್ಧ ಗಂಟೆ ಓಡಿಸಿ ಫೋಲ್ಡರ್ ತೆಗೆದು ನೋಡಿದರೆ ಫೈಲುಗಳೆಲ್ಲ ಸಾಲಾಗಿ ಕೂತಿವೆ. ಒಳಗೆ ಕಸ, ನಿಜ. ಆದರೆ ಹೆಸರುಗಳು? ಅಂಗಡಿ ಹುಡುಗ ಪ್ರತಿ ಫೈಲಿಗೂ ಗಿರಾಕಿಯ ಹೆಸರು, ಊರು, ಕೆಲವಕ್ಕೆ ಫೋನ್ ನಂಬರ್ ಕೂಡ ಹಾಕಿದ್ದ. ಆಧಾರಿನ ಚಿತ್ರ ಹೋಗಿತ್ತು, ಊರಿನ ಅರ್ಧ ಜನರ ಪಟ್ಟಿ ಉಳಿದಿತ್ತು. ‘ಯು’ ಸೇರಿಸಿ ಮತ್ತೆ ಓಡಿಸಿದೆ. ಇದರ ಕೆಲಸ ನೋಡುವುದಕ್ಕೆ ಚೆನ್ನಾಗಿರುತ್ತದೆ. ಫೈಲನ್ನು ತೆಗೆಯುವ ಮುಂಚೆ ಅದರ ಹೆಸರನ್ನು ಅಷ್ಟೇ ಉದ್ದದ ಸೊನ್ನೆಗಳಿಗೆ ಬದಲಿಸುತ್ತದೆ, ಆಮೇಲೆ ಒಂದೊಂದೇ ಸೊನ್ನೆ ಕಮ್ಮಿ ಮಾಡುತ್ತಾ ಬಂದು, ಕೊನೆಗೆ ಒಂದೇ ಸೊನ್ನೆ ಉಳಿದಾಗ ಅಳಿಸುತ್ತದೆ.

ಇನ್ನೊಂದು ತೊಡಕು. ಶ್ರೆಡ್ಡಿಗೆ ಫೋಲ್ಡರ್ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಫೈಲೇ ಬೇಕು. ವರ್ಷಕ್ಕೊಂದು, ತಿಂಗಳಿಗೊಂದು ಫೋಲ್ಡರ್ ಇದ್ದದ್ದರಿಂದ ‘ಫೈಂಡ್’ ಕಮಾಂಡಿಗೆ ಕಟ್ಟಿ ಓಡಿಸಬೇಕಾಯಿತು. ಸಂಜೆ ಹೊತ್ತಿಗೆ ಡೆಸ್ಕ್‌ಟಾಪಿನ ಸ್ಕ್ಯಾನ್ ಫೋಲ್ಡರ್ ಪೂರ್ತಿ ಖಾಲಿ. ಭಾವ ಅಂಗಡಿ ಬಾಗಿಲು ಹಾಕುತ್ತಾ, ‘ಯಾವುದೋ ವಿಡಿಯೋದಲ್ಲಿ 35 ಸಲ ಅಳಿಸ್ಬೇಕು ಅಂದ್ರು ಕಣೋ, ನೀನು ಮೂರೇ ಸಲ ಮಾಡಿದೆಯಲ್ಲ?’ ಅಂದರು.

ಈ 35ರ ಕಥೆ ಎಲ್ಲ ಕಡೆ ಕೇಳಿಬರುತ್ತದೆ, ಅದಕ್ಕೇ ಸ್ವಲ್ಪ ಹೇಳುತ್ತೇನೆ. 1996ರಲ್ಲಿ ಪೀಟರ್ ಗುಟ್‌ಮನ್ ಅನ್ನುವವರು ಯೂಸ್‌ನಿಕ್ಸ್ ಅನ್ನುವ ಕಂಪ್ಯೂಟರ್ ಸಂಶೋಧಕರ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿದರು. ಮ್ಯಾಗ್ನೆಟಿಕ್ ಡಿಸ್ಕಿನ ಮೇಲೆ ಹೊಸದನ್ನು ಬರೆದರೂ ಹಳೆಯದರ ನೆರಳು ಸೂಕ್ಷ್ಮದರ್ಶಕಕ್ಕೆ ಸಿಗಬಹುದು ಅನ್ನುವ ಆತಂಕ ಅದರಲ್ಲಿತ್ತು. ಆಗ ಬಳಕೆಯಲ್ಲಿದ್ದ ಬೇರೆ ಬೇರೆ ಬಗೆಯ ಡಿಸ್ಕುಗಳಿಗೆ ಬೇರೆ ಬೇರೆ ವಿನ್ಯಾಸ ಲೆಕ್ಕ ಹಾಕಿ, ಎಲ್ಲ ಸೇರಿಸಿ 35 ಸುತ್ತು ಮಾಡಿದರು. ಯಾವುದೇ ಒಂದು ಡಿಸ್ಕಿಗೆ ಆ 35ರಲ್ಲಿ ಕೆಲವು ಮಾತ್ರ ಅನ್ವಯ. ಜನ 35ನ್ನೂ ಮಂತ್ರದ ಹಾಗೆ ಹಿಡಿದುಕೊಂಡರು. ಗುಟ್‌ಮನ್ ಅವರೇ ಆಮೇಲೆ, ಈಗಿನ ಡಿಸ್ಕುಗಳಿಗೆ ಇದನ್ನು ಪೂರ್ತಿ ಮಾಡುವುದರಲ್ಲಿ ಅರ್ಥವಿಲ್ಲ ಅಂತ ಬರೆದರು. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2014ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಹಾರ್ಡ್ ಡಿಸ್ಕಿಗೆ ಸಾಮಾನ್ಯವಾಗಿ ಒಂದು ಸುತ್ತು ಸಾಕು. ನಮ್ಮ 500 ಜಿಬಿ ಡಿಸ್ಕಿನ ಮೇಲೆ ಒಂದು ಸುತ್ತು ಬರೆಯುವುದಕ್ಕೇ ಸುಮಾರು ಒಂದೂವರೆ ಗಂಟೆ ಬೇಕು. 35 ಸುತ್ತು ಅಂದರೆ ಎರಡು ದಿನಕ್ಕೂ ಜಾಸ್ತಿ. ತಿಪಟೂರಿನ ಕರೆಂಟಿನಲ್ಲಿ!

ಸುತ್ತಿನ ಲೆಕ್ಕವನ್ನು ಭಾವನಿಗೆ ಜೋರಾಗಿ ವಿವರಿಸಿ ಮನೆಗೆ ಹೋದೆ. ತಪ್ಪು ಬೇರೆ ಕಡೆ ಕೂತಿತ್ತು.

ಭಾನುವಾರ: ಹೋದವರೆಲ್ಲ ವಾಪಸ್ ಬಂದರು

ಬೆಳಿಗ್ಗೆ ಸುಮ್ನೆ ಒಂದು ಪರೀಕ್ಷೆ ಮಾಡೋಣ ಅನ್ನಿಸಿತು. ‘ಫೋಟೋರೆಕ್’ ಅಂತ ಒಂದು ಪುಕ್ಕಟೆ ಕಮಾಂಡ್ ಸಾಧನ ಇದೆ, ಕ್ರಿಸ್ಟೋಫ್ ಗ್ರೆನಿಯರ್ ಬರೆದದ್ದು. ಮೆಮೊರಿ ಕಾರ್ಡಿನಿಂದ ಮದುವೆ ಫೋಟೋ ಹೋದಾಗ ಸ್ಟುಡಿಯೋದವರು ಬಳಸುವಂಥದ್ದು. ಅದು ಫೈಲಿನ ಪಟ್ಟಿಯನ್ನು ನೋಡುವುದೇ ಇಲ್ಲ. ಡಿಸ್ಕಿನ ಬ್ಲಾಕುಗಳನ್ನು ಒಂದೊಂದೇ ಓದುತ್ತಾ, ಜೆಪೆಗ್ ಚಿತ್ರ ಶುರುವಾಗುವ ಗುರುತು ಎಲ್ಲಿ ಕಂಡರೂ ಅಲ್ಲಿಂದ ಎತ್ತಿಕೊಳ್ಳುತ್ತದೆ. ಖಾತೆ ಪುಸ್ತಕ ಬಿಟ್ಟು ನೇರವಾಗಿ ತೋಟಕ್ಕೇ ಹೋಗಿ ಮರ ಎಣಿಸಿದ ಹಾಗೆ.

ಹೊರಗಿನ ಒಂದು ಹಾರ್ಡ್ ಡಿಸ್ಕ್ ಜೋಡಿಸಿ, ಸಿಕ್ಕಿದ್ದನ್ನು ಅದರಲ್ಲಿ ಇಡು ಅಂತ ಹೇಳಿ ಓಡಿಸಿದೆ. ಕಾಫಿ ಕುಡಿದು ಬರುವಷ್ಟರಲ್ಲಿ ಎರಡನೇ ಫೋಲ್ಡರ್ ತುಂಬುತ್ತಿತ್ತು. ಫೋಟೋರೆಕ್ ಒಂದೊಂದು ಫೋಲ್ಡರಿಗೆ 500 ಫೈಲ್ ತುಂಬಿಸಿ ಮುಂದಿನದಕ್ಕೆ ಹೋಗುತ್ತದೆ. ಹೆಸರುಗಳಿಲ್ಲ, ಬರೀ ನಂಬರ್. ತೆಗೆದು ನೋಡಿದರೆ ಆಧಾರ್, ಆಧಾರ್, ಪಾಸ್‌ಬುಕ್, ಆಧಾರ್, ಯಾರದೋ ಮಗುವಿನ ಫೋಟೋ, ಮತದಾರರ ಚೀಟಿ, ಮತ್ತೆ ಆಧಾರ್. ನಮ್ಮ ಅಕ್ಕನ ಪಾಸ್‌ಬುಕ್ಕೂ ಬಂತು.

ಭಾವ ಹಿಂದೆ ಬಂದು ನಿಂತಿದ್ದರು. ‘ಇದೇನೋ, ನಿನ್ನೆ ಇಡೀ ದಿನ ಏನ್ ಮಾಡಿದೆ ಹಾಗಾದ್ರೆ?’

ಶ್ರೆಡ್ ಕೆಲಸ ಮಾಡಿರಲಿಲ್ಲ ಅಂತಲ್ಲ. ನಾನು ತೋರಿಸಿದ ಫೈಲುಗಳನ್ನು ಅದು ಚೊಕ್ಕವಾಗಿ ಉತ್ತಿತ್ತು. ಆದರೆ ನಾನು ತೋರಿಸಿದ್ದು ಶನಿವಾರ ಬೆಳಿಗ್ಗೆ ಆ ಫೋಲ್ಡರಿನಲ್ಲಿ ಇದ್ದ ಫೈಲುಗಳನ್ನು ಮಾತ್ರ. ಏಳು ವರ್ಷದಲ್ಲಿ ಆ ಡಿಸ್ಕಿನ ಮೇಲೆ ಬಂದು ಹೋದವು ಬೇರೆ ಎಷ್ಟೋ ಇದ್ದವು. ಅವಕ್ಕೆ ಈಗ ಹೆಸರೇ ಇಲ್ಲ. ಹೆಸರಿಲ್ಲದ ಫೈಲನ್ನು ಶ್ರೆಡ್ಡಿಗೆ ತೋರಿಸುವುದು ಹೇಗೆ?

ಎಲ್ಲಿಂದ ಬಂದವು ಅಂತ ಕೂತು ಲೆಕ್ಕ ಹಾಕಿದೆವು. ನನಗೆ ಈ ಪ್ರಕರಣದಲ್ಲಿ ಕಲಿಯಲು ಸಿಕ್ಕ ಭಾಗ ಇದೇ. ಮೊದಲನೆಯದು, ಅಂಗಡಿ ಹುಡುಗನ ಅಭ್ಯಾಸ. ಡೆಸ್ಕ್‌ಟಾಪ್ ಮೇಲೆ ಜಾಗ ತುಂಬಿದಾಗಲೆಲ್ಲ ಶಿಫ್ಟ್ ಒತ್ತಿ ಡಿಲೀಟ್ ಹೊಡೆಯುತ್ತಿದ್ದ. ಅವೆಲ್ಲ ಪಟ್ಟಿಯಿಂದ ಹೋಗಿ ಡಿಸ್ಕಿನಲ್ಲಿ ಉಳಿದಿದ್ದವು. ಎರಡನೆಯದು ನನಗೆ ಹೊಳೆದೇ ಇರಲಿಲ್ಲ. ಎಷ್ಟೋ ಎಡಿಟಿಂಗ್ ಪ್ರೋಗ್ರಾಮುಗಳು ‘ಸೇವ್’ ಒತ್ತಿದಾಗ ಹಳೇ ಫೈಲಿನ ಮೇಲೆ ಬರೆಯುವುದಿಲ್ಲ. ಪಕ್ಕದಲ್ಲಿ ಹೊಸ ಫೈಲ್ ಬರೆದು, ಅದಕ್ಕೆ ಹಳೆಯದರ ಹೆಸರು ಇಟ್ಟು, ಹಳೆಯದನ್ನು ಬಿಟ್ಟುಬಿಡುತ್ತವೆ. ಒಂದು ಆಧಾರನ್ನು ಕ್ರಾಪ್ ಮಾಡಿ ಸೇವ್, ಸೈಜ್ ಕಮ್ಮಿ ಮಾಡಿ ಸೇವ್, ಬೆಳಕು ಜಾಸ್ತಿ ಮಾಡಿ ಸೇವ್ ಅಂದರೆ ಡಿಸ್ಕಿನಲ್ಲಿ ನಾಲ್ಕು ಆಧಾರ್. ನಮಗೆ ಕಾಣುವುದು ಒಂದು. ಮೂರನೆಯದು ವಾಟ್ಸ್ಯಾಪ್ ವೆಬ್‌ನಿಂದ ಇಳಿದವು. ಅವು ಡೌನ್‌ಲೋಡ್ ಫೋಲ್ಡರಿಗೆ ಹೋಗಿದ್ದವು, ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ನಾಲ್ಕನೆಯದು ಥಂಬ್‌ನೇಲುಗಳು. ಫೋಲ್ಡರ್ ತೆರೆದಾಗ ಕಾಣುವ ಪುಟ್ಟ ಚಿತ್ರಗಳನ್ನು ಉಬುಂಟು ಒಂದು ಮರೆಯ ಫೋಲ್ಡರಿನಲ್ಲಿ ಪ್ರತ್ಯೇಕವಾಗಿ ಇಟ್ಟುಕೊಂಡಿರುತ್ತದೆ. 256 ಪಿಕ್ಸೆಲ್ ಅಗಲದ ಆಧಾರಿನಲ್ಲಿ ನಂಬರ್ ಓದಲು ಕಷ್ಟ, ಮುಖ ಮಾತ್ರ ಚೆನ್ನಾಗಿ ಕಾಣುತ್ತದೆ.

ಇಷ್ಟಾದ ಮೇಲೆ ಶ್ರೆಡ್‌ನ ಕೈಪಿಡಿ ಪುಟವನ್ನು ಪೂರ್ತಿ ಓದಿದೆ. ಮೊದಲೇ ಓದಬೇಕಿತ್ತು ಅಲ್ವಾ? ಅದರಲ್ಲಿ ಎಚ್ಚರಿಕೆ ಸ್ಪಷ್ಟವಾಗಿದೆ. ಫೈಲ್ ಇದ್ದ ಜಾಗದಲ್ಲೇ ಹೊಸದನ್ನು ಬರೆಯುವ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಆದರೆ ಮಾತ್ರ ಶ್ರೆಡ್ ನಂಬಬಹುದು. ಬಟರ್‌ಎಫ್‌ಎಸ್, ಜೆಡ್‌ಎಫ್‌ಎಸ್ ಥರದವು ಬದಲಾದದ್ದನ್ನು ಬೇರೆ ಜಾಗದಲ್ಲಿ ಬರೆಯುತ್ತವೆ. ಸ್ನ್ಯಾಪ್‌ಶಾಟ್, ಅಂದರೆ ಹಿಂದಿನ ಸ್ಥಿತಿಯನ್ನು ಹಾಗೇ ಉಳಿಸಿದ ಪ್ರತಿ, ಇದ್ದರೆ ಹಳೆಯದು ಹಾಗೇ ಇರುತ್ತದೆ. ನಮ್ಮದು ಇಎಕ್ಸ್‌ಟಿ4. ಅದರ ಮಾಮೂಲಿ ಸೆಟ್ಟಿಂಗಿನಲ್ಲಿ ಶ್ರೆಡ್ ಸರಿಯಾಗಿಯೇ ನಡೆಯುತ್ತದೆ. ಎಡವಟ್ಟು ಫೈಲ್‌ಸಿಸ್ಟಮ್ಮಿನದಲ್ಲ, ನನ್ನದೇ.

ಒಂದೊಂದೇ ಫೈಲ್ ಹುಡುಕುವ ಆಸೆ ಬಿಟ್ಟೆ. ಮಶೀನ್ ಹೇಗೂ ಮಾರುವುದು, ಡಿಸ್ಕನ್ನೇ ಪೂರ್ತಿ ಉತ್ತುಬಿಡುವುದು. ಶ್ರೆಡ್ಡಿಗೆ ಫೈಲಿನ ಹೆಸರಿನ ಬದಲು ಡಿಸ್ಕಿನ ಹೆಸರನ್ನೇ ಕೊಡಬಹುದು. ಅದಕ್ಕೆ ಮಶೀನನ್ನು ಪೆನ್‌ಡ್ರೈವಿನಲ್ಲಿರುವ ಉಬುಂಟುವಿನಿಂದ ಬೂಟ್ ಮಾಡಬೇಕು. ತಾನು ಕೂತ ಕೊಂಬೆಯನ್ನು ತಾನೇ ಕಡಿಯುವುದಕ್ಕೆ ಆಗುವುದಿಲ್ಲವಲ್ಲ.

ಇಲ್ಲೊಂದು ಅಪಾಯ ಕೂದಲೆಳೆಯಲ್ಲಿ ತಪ್ಪಿತು. ಬೆಳಿಗ್ಗೆ ಒಳಗಿನ ಡಿಸ್ಕಿನ ಹೆಸರು ‘ಎಸ್‌ಡಿಎ’ ಇತ್ತು. ಪೆನ್‌ಡ್ರೈವಿನಿಂದ ಬೂಟ್ ಮಾಡಿದ ಮೇಲೆ ‘ಎಸ್‌ಡಿಎ’ ಅಂದರೆ ನಾನು ಹೊರಗಿನಿಂದ ಜೋಡಿಸಿದ್ದ ಹಾರ್ಡ್ ಡಿಸ್ಕ್ ಆಗಿತ್ತು. ಅದೂ 500 ಜಿಬಿಯದೇ. ಅದರಲ್ಲಿ ನಮ್ಮ ಮನೆಯವರ ಹತ್ತು ವರ್ಷದ ಫೋಟೋ ಇತ್ತು. ಬೆಳಗಿನ ಹೆಸರಿನ ನೆನಪಿನಲ್ಲೇ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತುವವನಿದ್ದೆ. ಅಭ್ಯಾಸಬಲದಿಂದ ಡಿಸ್ಕುಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು ಮಾಡೆಲ್ ಮತ್ತು ಸೀರಿಯಲ್ ನಂಬರ್ ನೋಡಿದೆ, ಬದುಕಿದೆ. ಡಿಸ್ಕಿನ ಅಕ್ಷರ ಬೂಟಿನಿಂದ ಬೂಟಿಗೆ ಬದಲಾಗಬಹುದು, ಸೀರಿಯಲ್ ನಂಬರ್ ಬದಲಾಗುವುದಿಲ್ಲ. ಬೇಡದ ಡಿಸ್ಕುಗಳ ಕೇಬಲನ್ನೇ ಕಿತ್ತು ಪಕ್ಕಕ್ಕಿಟ್ಟು ಆಮೇಲೆ ಮುಂದುವರಿಸಿದೆ. ನೀವೂ ಹಾಗೇ ಮಾಡಿ. ಈ ಕಮಾಂಡ್ ‘ಖಂಡಿತಾನಾ?’ ಅಂತ ಕೇಳುವುದಿಲ್ಲ.

ಒಂದು ಸುತ್ತು ಅಡ್ಡಾದಿಡ್ಡಿ ಅಂಕಿ, ಒಂದು ಸುತ್ತು ಸೊನ್ನೆ ಅಂತ ಹೇಳಿ ಬಿಟ್ಟೆ. ಶೇಕಡಾ ನಲವತ್ತಕ್ಕೆ ಬಂದಾಗ ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ಎಳೆದು ಕೈಚೆಲ್ಲಿತು. ಶ್ರೆಡ್ಡಿಗೆ ನಿಲ್ಲಿಸಿದ ಜಾಗದಿಂದ ಮುಂದುವರಿಸುವುದು ಬರುವುದಿಲ್ಲ. ಮೊದಲಿಂದ. ಮುಗಿದಾಗ ರಾತ್ರಿ ಊಟದ ಹೊತ್ತು ಮೀರಿತ್ತು. ಪರೀಕ್ಷೆಗೆ, ಡಿಸ್ಕಿನಲ್ಲಿರುವುದನ್ನು ಅಂಕಿಗಳಾಗಿ ತೋರಿಸುವ ‘ಹೆಕ್ಸ್‌ಡಂಪ್’ ಕೊಟ್ಟೆ. ಒಂದೇ ಥರದ ಸಾಲುಗಳು ಸತತವಾಗಿ ಬಂದರೆ ಅದು ಒಂದು ಸಾಲು ತೋರಿಸಿ, ಉಳಿದದ್ದಕ್ಕೆ ಒಂದು ನಕ್ಷತ್ರದ ಗುರುತು ಹಾಕಿ ಬಿಡುತ್ತದೆ. ಡಿಸ್ಕ್ ಪೂರ್ತಿ ಓದಿ ಮುಗಿಸಲು ಮತ್ತೆ ಒಂದೂವರೆ ಗಂಟೆ. ಕೊನೆಗೆ ಪರದೆ ಮೇಲೆ ಒಂದು ಸಾಲು ಸೊನ್ನೆ, ಒಂದು ನಕ್ಷತ್ರ, ಕೆಳಗೆ ಡಿಸ್ಕಿನ ಅಳತೆ. ಏಳು ವರ್ಷದ ಅಂಗಡಿ ಮೂರು ಸಾಲಿಗೆ ಇಳಿದಿತ್ತು.

ಸೋಮವಾರ: ಲ್ಯಾಪ್‌ಟಾಪ್ ಸುಳ್ಳು ಹೇಳುತ್ತದೆ

ಲ್ಯಾಪ್‌ಟಾಪಿನ ಫೈಲುಗಳನ್ನು ಭಾವ ನನಗಿಂತ ಮುಂಚೆಯೇ ಡಿಲೀಟ್ ಮಾಡಿದ್ದರು. ಮುಟ್ಟಬೇಡಿ ಅಂದದ್ದು ಡೆಸ್ಕ್‌ಟಾಪಿಗೆ ಮಾತ್ರ ಅಂದುಕೊಂಡರಂತೆ. ಅದರ ಮೇಲೂ ಫೋಟೋರೆಕ್ ಓಡಿಸಿದೆ. ಆಶ್ಚರ್ಯ, ಹೆಚ್ಚುಕಮ್ಮಿ ಏನೂ ಸಿಗಲಿಲ್ಲ. ‘ನೋಡಿದ್ಯಾ, ನಂದೇ ಸರಿ. ಇದಕ್ಕೆ ಡಿಲೀಟೇ ಸಾಕು’ ಅಂದರು ಭಾವ.

ಇಲ್ಲಿ ಎಸ್‌ಎಸ್‌ಡಿ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಲೇಬೇಕು. ಇದರಲ್ಲಿ ತಿರುಗುವ ತಟ್ಟೆ ಇಲ್ಲ, ಫ್ಲ್ಯಾಶ್ ಚಿಪ್ಪುಗಳಿವೆ. ಫ್ಲ್ಯಾಶಿನ ಸ್ವಭಾವ ವಿಚಿತ್ರ. ಸಣ್ಣ ಸಣ್ಣ ಪುಟಗಳಾಗಿ ಬರೆಯಬಹುದು, ಅಳಿಸುವುದಾದರೆ ಒಂದು ದೊಡ್ಡ ಬ್ಲಾಕನ್ನೇ ಅಳಿಸಬೇಕು. ಜತೆಗೆ ಪ್ರತಿ ಸಲ ಅಳಿಸಿದಾಗಲೂ ಚಿಪ್ ಒಂದಿಷ್ಟು ಸವೆಯುತ್ತದೆ. ಹಾಗಾಗಿ ಒಳಗೆ ಒಂದು ಕಂಟ್ರೋಲರ್ ಕೂತು, ಹೊಸದು ಬಂದಾಗ ಹಳೇ ಜಾಗದ ಮೇಲೆ ಬರೆಯದೆ ಇನ್ನೊಂದು ಖಾಲಿ ಪುಟದಲ್ಲಿ ಬರೆಯುತ್ತದೆ. ಯಾವುದು ಎಲ್ಲಿದೆ ಅನ್ನುವ ನಕ್ಷೆ ಅದರ ಹತ್ತಿರ ಮಾತ್ರ ಇರುತ್ತದೆ. ಮೇಲಾಗಿ ಡಬ್ಬಿ ಮೇಲೆ ಬರೆದಿರುವುದಕ್ಕಿಂತ ಒಂದಿಷ್ಟು ಜಾಸ್ತಿ ಫ್ಲ್ಯಾಶ್ ಒಳಗಿರುತ್ತದೆ, ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಇಂಥದ್ದರ ಮೇಲೆ ಶ್ರೆಡ್ ಓಡಿಸಿದರೆ, ನಾವು ಉಳಲು ಹೇಳಿದ ಸರ್ವೆ ನಂಬರ್ ಒಂದು, ಟ್ರ್ಯಾಕ್ಟರ್ ಹೋಗಿ ಉಳುವ ಹೊಲ ಇನ್ನೊಂದು. ಮೂರು ಸುತ್ತು ಅಂದರೆ ಮೂರು ಬೇರೆ ಬೇರೆ ಹೊಲ.

ಹಾಗಾದರೆ ಫೋಟೋರೆಕ್‌ಗೆ ಯಾಕೆ ಏನೂ ಕಾಣಲಿಲ್ಲ? ವಿಂಡೋಸ್ ಫೈಲ್ ಡಿಲೀಟ್ ಮಾಡಿದಾಗ ಡ್ರೈವಿಗೆ ‘ಟ್ರಿಮ್’ ಅನ್ನುವ ಸೂಚನೆ ಕಳಿಸುತ್ತದೆ, ಈ ಜಾಗ ಇನ್ನು ಬೇಡ ಅಂತ. ಆಮೇಲೆ ಆ ಜಾಗ ಓದಿದರೆ ಹೆಚ್ಚಿನ ಡ್ರೈವುಗಳು ಸೊನ್ನೆ ಕೊಡುತ್ತವೆ. ಚಿಪ್ಪಿನಲ್ಲಿ ನಿಜವಾಗಿ ಯಾವಾಗ ಅಳಿಸುತ್ತದೆ ಅನ್ನುವುದು ಕಂಟ್ರೋಲರಿನ ಇಷ್ಟ. ನಮಗೆ ಕಾಣದೆ ಇರುವುದೇ ಇಲ್ಲದೆ ಇರುವುದಲ್ಲ.

ಇದನ್ನು 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಮೈಕಲ್ ವೇ ಮತ್ತು ಜತೆಗಾರರು ಚಿಪ್ಪುಗಳನ್ನೇ ಬಿಡಿಸಿ, ಕಂಟ್ರೋಲರನ್ನು ದಾಟಿ ನೇರವಾಗಿ ಓದಿ ತೋರಿಸಿದರು. ಒಂದೊಂದೇ ಫೈಲನ್ನು ಅಳಿಸುವ ಯಾವ ವಿಧಾನವೂ ಎಸ್‌ಎಸ್‌ಡಿ ಮೇಲೆ ನಿಲ್ಲಲಿಲ್ಲ. ಫೈಲಿನ ಶೇಕಡಾ 4ರಿಂದ 75ರಷ್ಟು ಭಾಗ ಉಳಿದೇ ಇತ್ತು. ಆಪಲ್ ಕಂಪನಿ 2015ರಲ್ಲಿ ಮ್ಯಾಕ್ ಕಂಪ್ಯೂಟರಿನ ಎಲ್ ಕ್ಯಾಪಿಟನ್ ಆವೃತ್ತಿಯಿಂದ ‘ಸೆಕ್ಯೂರ್ ಎಂಪ್ಟಿ ಟ್ರ್ಯಾಶ್’ ತೆಗೆದುಹಾಕಿದ್ದೂ ಇದೇ ಕಾರಣಕ್ಕೆ. ಫ್ಲ್ಯಾಶ್ ಡಿಸ್ಕಿನ ಮೇಲೆ ಆ ಭರವಸೆ ಕೊಡಲು ಆಗುವುದಿಲ್ಲ. ವಿಂಡೋಸಿನಲ್ಲಿ ಅಳಿಸಲು ಬಳಸುವ ‘ಸೈಫರ್’ ಕಮಾಂಡ್, ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿರುವ ‘ಎಸ್‌ಡಿಲೀಟ್’ ಎರಡಕ್ಕೂ ಇದೇ ಮಿತಿ.

ಎಸ್‌ಎಸ್‌ಡಿಗೆ ದಾರಿ ಬೇರೆ. ನಾವು ಮೇಲಿಂದ ಬರೆಯುವ ಬದಲು, ಎಲ್ಲ ಅಳಿಸು ಅಂತ ಡ್ರೈವಿಗೇ ಹೇಳುವುದು. ಹಳೇ ಬಗೆಯ ಜೋಡಣೆಯಾದ ಸಾಟಾ ಡ್ರೈವಿಗೆ ಲಿನಕ್ಸಿನಲ್ಲಿ ‘ಎಚ್‌ಡಿಪಾರ್ಮ್’, ಹೊಸ ಬಗೆಯ ಎನ್‌ವಿಎಂಇ ಆದರೆ ‘ಎನ್‌ವಿಎಂಇ’ ಹೆಸರಿನದೇ ಕಮಾಂಡ್. ನಮ್ಮದು ಸಾಟಾ. ಮತ್ತೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡ್ರೈವಿನ ಸ್ಥಿತಿ ಕೇಳಿದೆ. ‘ಫ್ರೋಜನ್’ ಅಂತ ಬಂತು. ಯಾವುದೋ ವೈರಸ್ ಬಂದು ಡ್ರೈವನ್ನು ಅಳಿಸದಿರಲಿ ಅಂತ ಬೂಟ್ ಆಗುವಾಗ ಬಯೋಸ್ (ಮಶೀನನ್ನು ಶುರು ಮಾಡುವ ಒಳಗಿನ ಪ್ರೋಗ್ರಾಮ್) ಈ ಬೀಗ ಹಾಕಿರುತ್ತದೆ. ಬಿಡಿಸುವ ಉಪಾಯ ಕೇಳಿದರೆ ನಗು ಬರುತ್ತದೆ. ಲ್ಯಾಪ್‌ಟಾಪನ್ನು ಸ್ಲೀಪಿಗೆ ಕಳಿಸಿ, ಎಬ್ಬಿಸಬೇಕು ಅಷ್ಟೇ. ಎದ್ದಾಗ ‘ನಾಟ್ ಫ್ರೋಜನ್’. ಆಮೇಲೆ ಒಂದು ತಾತ್ಕಾಲಿಕ ಪಾಸ್‌ವರ್ಡ್ ಹಾಕಬೇಕು, ಅದನ್ನೇ ಕೊಟ್ಟು ಅಳಿಸಲು ಹೇಳಬೇಕು. ಈ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಡುವೆ ಕರೆಂಟ್ ಹೋದರೆ ಡ್ರೈವ್ ಲಾಕ್ ಆಗಿ ಕೂತುಬಿಡುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದದ್ದರಿಂದ ಆ ಭಯ ಇರಲಿಲ್ಲ.

ಡೆಸ್ಕ್‌ಟಾಪಿಗೆ ಒಂದು ದಿನ ಹಿಡಿಯಿತು, ಇದಕ್ಕೆ ಒಂದು ನಿಮಿಷವೂ ಆಗಲಿಲ್ಲ. ಭಾವನಿಗೆ ನಂಬಿಕೆ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಬಂದಿರಲಿಲ್ಲ. ಯಾಕೆಂದರೆ ಅದೇ 2011ರ ಅಧ್ಯಯನದಲ್ಲಿ ಒಂದು ಡ್ರೈವ್, ಅಳಿಸಿ ಆಯಿತು ಅಂತ ಹೇಳಿಯೂ ಒಳಗಿನದನ್ನೆಲ್ಲ ಹಾಗೇ ಇಟ್ಟುಕೊಂಡಿತ್ತು. ಡ್ರೈವ್ ಹೇಳುವುದನ್ನು ನಂಬುವುದು ಬಿಟ್ಟು ನಮ್ಮಂಥವರಿಗೆ ಪರೀಕ್ಷೆ ಮಾಡುವ ದಾರಿ ಇಲ್ಲ. ಹಾಗಾಗಿ ಡ್ರೈವಿನ ಉದ್ದಕ್ಕೂ ಒಂದು ಸುತ್ತು ಅಡ್ಡಾದಿಡ್ಡಿ ಅಂಕಿ ತುಂಬಿಸಿ, ಮತ್ತೊಮ್ಮೆ ಅಳಿಸುವ ಸೂಚನೆ ಕೊಟ್ಟೆ. ಒಂದು ತಪ್ಪಿದರೆ ಇನ್ನೊಂದು ಹಿಡಿಯಲಿ ಅಂತ. ಆಸ್ಪತ್ರೆಯದೋ ಬ್ಯಾಂಕಿನದೋ ಡ್ರೈವ್ ಆಗಿದ್ದರೆ ನಾನು ಮಾರುವುದನ್ನೇ ಬಿಡಿ ಅನ್ನುತ್ತಿದ್ದೆ.

ಉಳಿದ ನಕಲುಗಳು

ಎರಡೂ ಮಶೀನ್ ಪ್ಯಾಕ್ ಮಾಡುವಾಗ ಭಾವ ಗಿರಾಕಿಯೊಬ್ಬರಿಗೆ ಫೋನಿನಲ್ಲಿ ಏನೋ ತೋರಿಸುತ್ತಿದ್ದರು. ಇಣುಕಿ ನೋಡಿದೆ. ಗ್ಯಾಲರಿ ತುಂಬಾ ಆಧಾರ್. ಜನ ವಾಟ್ಸ್ಯಾಪಿನಲ್ಲಿ ಕಳಿಸಿದ್ದು, ಅವರು ಕಂಪ್ಯೂಟರಿಗೆ ಇಳಿಸಿಕೊಂಡದ್ದು. ಫೋನಿನಲ್ಲಿ ಇದ್ದದ್ದು ಗೂಗಲ್ ಫೋಟೋಸಿಗೂ ತಾನಾಗಿ ಹೋಗುತ್ತಿತ್ತು. ಅಂಗಡಿಯ ಗೂಗಲ್ ಡ್ರೈವಿನಲ್ಲಿ ‘ಬ್ಯಾಕಪ್’ ಅಂತ ಒಂದು ಫೋಲ್ಡರ್. ಡ್ರಾಯರಿನಲ್ಲಿ ಮೂರು ಪೆನ್‌ಡ್ರೈವ್. ನಾನು ಮೂರು ದಿನ ಉತ್ತದ್ದು ಎರಡು ಹೊಲ. ಬೀಜ ಊರೆಲ್ಲ ಚೆಲ್ಲಿತ್ತು.

ಡ್ರೈವ್, ಫೋಟೋಸ್ ಖಾಲಿ ಮಾಡಿದೆವು. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಫೈಲ್ 30 ದಿನ ಇರುತ್ತದೆ, ಹಾಗಾಗಿ ಅದನ್ನೂ ಕೈಯಾರೆ ಖಾಲಿ ಮಾಡಿದೆವು. ಪೆನ್‌ಡ್ರೈವುಗಳೂ ಫ್ಲ್ಯಾಶೇ. ಅವಕ್ಕೆ ಎಚ್‌ಡಿಪಾರ್ಮ್ ಥರದ ಸೂಚನೆ ಸಾಮಾನ್ಯವಾಗಿ ಇರುವುದಿಲ್ಲ. ಮೂರಕ್ಕೂ ಸೇರಿ ಬೆಲೆ ಸಾವಿರ ರೂಪಾಯಿ ಇರಬಹುದು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಿಪ್ ಪುಡಿಯಾಗುವ ಹಾಗೆ ಬಡಿದೆವು. ಮೂರು ದಿನದಲ್ಲಿ ಭಾವನಿಗೆ ಪೂರ್ತಿ ನಂಬಿಕೆ ಬಂದ ವಿಧಾನ ಇದೊಂದೇ.

‘ಇಷ್ಟೆಲ್ಲ ಬೇಕಿತ್ತಾ, ತಗೊಳ್ಳೋನು ಫಾರ್ಮ್ಯಾಟ್ ಹೊಡೆದು ಮಾರ್ತಾನೆ ತಾನೇ?’ ಅಂತ ಅಕ್ಕ ಕೇಳಿದಳು. ಹೆಚ್ಚಿನವರು ಹಾಗೇ ಮಾಡಬಹುದು. ಆದರೆ ಅಮೆರಿಕದ ಸಿಮ್ಸನ್ ಗಾರ್ಫಿಂಕೆಲ್, ಅಭಿ ಶೆಲಾಟ್ ಅನ್ನುವ ಇಬ್ಬರು 2000ರಿಂದ 2002ರ ನಡುವೆ ಹಳೇ ಹಾರ್ಡ್ ಡಿಸ್ಕುಗಳನ್ನು ಕೊಂಡು ನೋಡಿದ್ದರು. ಒಟ್ಟು 158 ಡಿಸ್ಕ್, ಕೆಲಸ ಮಾಡುತ್ತಿದ್ದದ್ದು 129. ಸರಿಯಾಗಿ ಅಳಿಸಿದ್ದದ್ದು 12 ಮಾತ್ರ. ಒಂದು ಡಿಸ್ಕ್ ಹಿಂದೆ ಇಲಿನಾಯ್ ರಾಜ್ಯದ ಎಟಿಎಂ ಒಂದರಲ್ಲಿ ಇದ್ದಂತಿತ್ತು, ಗಿರಾಕಿಗಳ ಖಾತೆ ನಂಬರ್ ಸಮೇತ. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಬಂದಿದೆ. ಜನರ ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಅಂತ ಅದರಲ್ಲಿದೆ. ಜೆರಾಕ್ಸ್ ಅಂಗಡಿಗೆ 250 ಕೋಟಿ ಯಾರೂ ಹಾಕುವುದಿಲ್ಲ, ಬಿಡಿ. ಭಾವನಿಗೆ ನಾಟಿದ್ದು ಕಾಯ್ದೆ ಅಲ್ಲ. ಫೋಟೋರೆಕ್ಕಿನಲ್ಲಿ ಬಂದ ಅಕ್ಕನ ಪಾಸ್‌ಬುಕ್.

ಹೊಸ ಮಶೀನನ್ನು ನಾನು ಮೊದಲ ದಿನವೇ ಬೇರೆ ರೀತಿ ಹೊಂದಿಸಿದೆ. ಪೂರ್ತಿ ಡಿಸ್ಕಿಗೆ ಲಕ್ಸ್ ಅನ್ನುವ ಗೂಢಲಿಪಿ ವ್ಯವಸ್ಥೆ. ಡಿಸ್ಕಿಗೆ ಏನೇ ಹೋದರೂ ಗುಪ್ತ ರೂಪದಲ್ಲೇ ಹೋಗುತ್ತದೆ, ಬಿಡಿಸುವ ಬೀಗದ ಕೈ ಡಿಸ್ಕಿನ ಶುರುವಿನ ಒಂದು ಸಣ್ಣ ಜಾಗದಲ್ಲಿ ಪಾಸ್‌ವರ್ಡಿನ ಹಿಂದೆ ಇರುತ್ತದೆ. ಮಾರುವ ದಿನ ಬಂದಾಗ ‘ಕ್ರಿಪ್ಟ್‌ಸೆಟಪ್’ ಕಮಾಂಡಿನಿಂದ ಆ ಬೀಗದ ಕೈಗಳನ್ನು ಅಳಿಸಿದರೆ ಉಳಿದದ್ದೆಲ್ಲ ಅರ್ಥವಿಲ್ಲದ ಕಸ. ನಾಲ್ಕು ಸಲ ಸೇವ್ ಮಾಡಿದ ಆಧಾರೂ, ಹುಡುಗ ಡಿಲೀಟ್ ಮಾಡಿದ್ದೂ, ಥಂಬ್‌ನೇಲೂ ಅದರೊಳಗೇ ಇರುತ್ತವೆ. ಅವುಗಳನ್ನು ಹುಡುಕಿಕೊಂಡು ಹೋಗುವ ಕೆಲಸವೇ ಇಲ್ಲ. ಜತೆಗೆ ಸ್ಕ್ಯಾನ್ ಆದ ಫೈಲ್ ಡಿಸ್ಕಿಗೆ ಹೋಗದೆ ರ‍್ಯಾಮಿನಲ್ಲಿ ಇರುವ ಫೋಲ್ಡರಿಗೆ ಬೀಳುವ ಹಾಗೆ ಮಾಡಿದೆ. ರಾತ್ರಿ ಮಶೀನ್ ಆಫ್ ಮಾಡಿದರೆ ಆ ದಿನದ ಫೈಲುಗಳು ಇಲ್ಲ.

ಇದರಿಂದ ಅಂಗಡಿಗೆ ನಷ್ಟವೂ ಇದೆ. ಹೋದ ವರ್ಷದ ಕಾರ್ಡ್ ಕೇಳಿಕೊಂಡು ಬರುವವರಿಗೆ ಈಗ ‘ಇಲ್ಲಮ್ಮ, ತಗೊಂಡು ಬನ್ನಿ’ ಅನ್ನಬೇಕು. ಕೆಲವರು ಬೈದು ಪಕ್ಕದ ಅಂಗಡಿಗೆ ಹೋದರಂತೆ. ಬೆಳಿಗ್ಗೆ ಪಾಸ್‌ವರ್ಡ್ ಹೊಡೆಯುವುದು ಹುಡುಗನಿಗೆ ರೇಜಿಗೆ. ಎರಡನೇ ವಾರಕ್ಕೆ ಅದನ್ನು ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿದ್ದ. ಅಕ್ಕ ಕಿತ್ತು ಹಾಕಿದಳು.

ಹಳೇ ಮಶೀನುಗಳು ಎಸ್‌.ಪಿ. ರಸ್ತೆ ಸೇರಿದ ಸಂಜೆ ಭಾವ ಫೋನ್ ಮಾಡಿದರು. ಒಳಗೆ ಏನೂ ಇಲ್ಲ, ಆನ್ ಮಾಡಿದರೆ ಬರೀ ಕಪ್ಪು ಪರದೆ, ವಿಂಡೋಸ್ ನಾನೇ ಹಾಕಿಕೊಳ್ಳಬೇಕು ಅಂತ ಹೇಳಿ ವ್ಯಾಪಾರಿ ಒಂದೊಂದಕ್ಕೂ ಮುನ್ನೂರು ರೂಪಾಯಿ ಮುರಿದುಕೊಂಡಿದ್ದರು. ‘ಆರುನೂರು ನಿನ್ನ ಲೆಕ್ಕಕ್ಕೆ ಬರ್ಕೊಂಡಿದೀನಿ’ ಅಂದರು.